ಸೇನೆಗೆ ಹೊರಟವರು ಬೂಟು ಆರಿಸಿಕೊಳ್ಳುವುದು ಹೇಗೆ: ಅಳತೆಯಿಂದ ಆರೈಕೆಯವರೆಗೆ

ಅಗ್ನಿವೀರ್ ರ‍್ಯಾಲಿಗೆ ತಯಾರಾಗುವ ಹುಡುಗರು ತಿಂಗಳುಗಟ್ಟಲೆ ಓಡುತ್ತಾರೆ. 1.6 ಕಿಲೋಮೀಟರ್ ಓಟದಲ್ಲಿ ಒಂದೆರಡು ಸೆಕೆಂಡು ಉಳಿಸಲು ಏನು ತಿನ್ನಬೇಕು, ಯಾವ ಶೂ ಹಾಕಬೇಕು ಎಂದು ಊರ ಮೈದಾನದಲ್ಲಿ ದಿನವೂ ಚರ್ಚೆ ನಡೆಯುತ್ತದೆ. ಆಯ್ಕೆಯಾಗಿ ಟ್ರೈನಿಂಗ್ ಸೆಂಟರ್ ಸೇರಿದ ಮೇಲೆ ಆ ಚರ್ಚೆಗೆಲ್ಲ ಪುರಸೊತ್ತಿಲ್ಲ. ಸ್ಟೋರಿನ ಕೌಂಟರಿನ ಮುಂದೆ ಉದ್ದ ಸಾಲು. ಒಳಗಿನಿಂದ "ನಂಬರ್?" ಎಂಬ ಪ್ರಶ್ನೆ, ಹೊರಗಿನಿಂದ "ಆಠ್" ಎಂಬ ಉತ್ತರ, ಬೂಟು ಕೈಗೆ. ಅರ್ಧ ನಿಮಿಷದ ಈ ವ್ಯವಹಾರದ ಫಲವನ್ನು ಕಾಲು ತಿಂಗಳುಗಟ್ಟಲೆ ಉಣ್ಣಬೇಕಾಗುತ್ತದೆ.

ಹಳ್ಳಿಯಿಂದ ಹೋದವರಿಗೆ ಈ ತೊಂದರೆ ಬರುವ ದಾರಿಯೇ ಬೇರೆ. ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ಬೆಳೆದ ಪಾದದ ಮುಂಭಾಗ ಅಗಲವಾಗಿರುತ್ತದೆ, ಬೆರಳುಗಳು ಹರಡಿಕೊಂಡಿರುತ್ತವೆ. ಉದ್ದಕ್ಕೆ ಸರಿಹೋದ ಬೂಟು ಕಿರುಬೆರಳಿನ ಬುಡದಲ್ಲಿ ಹಿಡಿಯುತ್ತದೆ. ಆಗ ಹುಡುಗ ಒಂದು ನಂಬರ್ ದೊಡ್ಡದು ಕೇಳಿ ಪಡೆಯುತ್ತಾನೆ. ಮುಂದೆ ಹಿಡಿತ ತುಸು ಸಡಿಲವಾಗುತ್ತದೆ ನಿಜ, ಆದರೆ ಹಿಂದೆ ಹಿಮ್ಮಡಿ ಜಾರಾಡಲು ಶುರುವಾಗುತ್ತದೆ. ಅಗಲ ಬೇಕಾಗಿದ್ದವನು ಉದ್ದ ತೆಗೆದುಕೊಂಡು ಬಂದಿರುತ್ತಾನೆ. ನನ್ನ ಲೆಕ್ಕದಲ್ಲಿ ಬೂಟಿನ ಎಲ್ಲ ತಪ್ಪುಗಳಿಗೂ ಇದೇ ದೊಡ್ಡಣ್ಣ. ಕೆಳಗಿನ ಅರ್ಧಕ್ಕರ್ಧ ಮಾತು ಇದನ್ನು ತಪ್ಪಿಸುವುದರ ಬಗ್ಗೆಯೇ ಇದೆ.

ಬೂಟು ಸರಿಯಿಲ್ಲದಿದ್ದರೆ ಕಾಲಿಗೆ ಆಗುವುದೇನು

ಮೊದಲು ಬೊಬ್ಬೆಯನ್ನೇ ನೋಡೋಣ. ಬೂಟು ಮೇಲಿನಿಂದ ಉಜ್ಜಿ ಉಜ್ಜಿ ಚರ್ಮ ಕಿತ್ತು ಬರುತ್ತದೆ ಎಂದು ಹೆಚ್ಚಿನವರ ಎಣಿಕೆ. ನಡೆಯುವುದು ಬೇರೆ. ಬೆವರಿದ ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತಲ್ಲೇ ನಿಲ್ಲುತ್ತದೆ. ಒಳಗಿನ ಮೂಳೆ ಮಾತ್ರ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ. ನಡುವೆ ಸಿಕ್ಕ ಚರ್ಮದ ಪದರಗಳು ಸಾವಿರಾರು ಸಲ ಎಳೆದಾಡಿ ಒಳಗೊಳಗೇ ಬಿಟ್ಟುಕೊಳ್ಳುತ್ತವೆ, ಆ ಸಂದಿಯಲ್ಲಿ ನೀರು ತುಂಬುತ್ತದೆ. ಹೀಗಾಗಿ ಬಿಗಿ ಬೂಟಿನಷ್ಟೇ ಸಡಿಲ ಬೂಟೂ ಕಚ್ಚುತ್ತದೆ. ಬಿಗಿಯಾದದ್ದು ಬೆರಳ ಬುಡದಲ್ಲಿ, ಸಡಿಲವಾದದ್ದು ಹಿಮ್ಮಡಿಯಲ್ಲಿ. ಒಣಗಿದ ಚರ್ಮಕ್ಕಿಂತ ಒದ್ದೆ ಚರ್ಮ ಹೆಚ್ಚು ಅಂಟುವುದರಿಂದ ಬೆವರು ಇದಕ್ಕೆ ತುಪ್ಪ ಸುರಿಯುತ್ತದೆ.

ಬೊಬ್ಬೆ ವಾರದಲ್ಲಿ ಮಾಯುತ್ತದೆ. ಮೂಳೆಯ ಸೀಳು ಹಾಗಲ್ಲ. 1855ರಲ್ಲಿ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯಾದ ಸೇನಾ ವೈದ್ಯ, ದೂರದ ಮಾರ್ಚ್ ಮುಗಿಸಿ ಬಂದ ಸೈನಿಕರ ಪಾದಗಳು ಬಾತು ನೋಯುವುದನ್ನು ವರ್ಣಿಸಿ ಬರೆದ. ಅದು ಮೂಳೆ ಮುರಿತ ಎಂದು ಗೊತ್ತಾಗಲು ಎಕ್ಸ್‌ರೇ ಬರುವವರೆಗೆ ಕಾಯಬೇಕಾಯಿತು. 1897ರಲ್ಲಿ ಚಿತ್ರದಲ್ಲಿ ಸೀಳು ಕಂಡಿತು. ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲಿ, ಅದರಲ್ಲೂ ಎರಡನೆಯದು ಮತ್ತು ಮೂರನೆಯದರಲ್ಲಿ ಬರುವ ಇದಕ್ಕೆ ಸೇನೆಯಲ್ಲಿ ಮಾರ್ಚ್ ಫ್ರ್ಯಾಕ್ಚರ್ ಎಂದೇ ಹೆಸರು. 1985ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಅಧ್ಯಯನದಲ್ಲಿ ತರಬೇತಿಯಲ್ಲಿದ್ದ 295 ಮಂದಿ ಪದಾತಿ ಸೈನಿಕರ ಪೈಕಿ ಶೇ. 31ರಷ್ಟು ಜನಕ್ಕೆ ಕಾಲಿನಲ್ಲಿ ಎಲ್ಲೋ ಒಂದು ಕಡೆ ಇಂಥ ಒತ್ತಡದ ಸೀಳು ಪತ್ತೆಯಾಗಿತ್ತು.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಒಳ್ಳೆಯ ಬೂಟು ಎಲ್ಲವನ್ನೂ ತಡೆಯುತ್ತದೆ ಎಂದು ಅಂಗಡಿಯವರು ಹೇಳಬಹುದು. ಅದೇ ಇಸ್ರೇಲಿ ವೈದ್ಯರು ಮುಂದೆ ಕೆಲವು ಸೈನಿಕರಿಗೆ ಬೂಟಿನ ಬದಲು ಮೆತ್ತನೆಯ ಬ್ಯಾಸ್ಕೆಟ್‌ಬಾಲ್ ಶೂ ಕೊಟ್ಟು ನೋಡಿದರು. ಪಾದದ ಗಾಯಗಳು ಕಡಿಮೆಯಾದವು. ಮೊಣಕಾಲ ಕೆಳಗಿನ ಮೂಳೆ, ತೊಡೆಮೂಳೆ ಎಲ್ಲ ಸೇರಿಸಿದ ಒಟ್ಟು ಗಾಯಗಳ ಲೆಕ್ಕ ಇಳಿಯಲಿಲ್ಲ. ಅಂದರೆ ಪಾದರಕ್ಷೆ ಕಾಯುವುದು ಪಾದವನ್ನು. ಓಟವನ್ನು ನಿಧಾನವಾಗಿ ಏರಿಸುವ, ನಡುನಡುವೆ ಬಿಡುವು ಕೊಡುವ ಕೆಲಸವನ್ನು ಯಾವ ಬೂಟೂ ನಿಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಇನ್ನು ಸಾಮರ್ಥ್ಯದ ವಿಚಾರ. ಕಾಲಿಗೆ ಕಟ್ಟಿದ 1 ಕಿಲೋ ತೂಕ ಬೆನ್ನಿಗೆ ಹೊತ್ತ 5-6 ಕಿಲೋಗೆ ಸಮ. ಅಮೆರಿಕದ ಸೇನಾ ಸಂಶೋಧಕರು 1969ರಲ್ಲಿ ಅಳೆದಾಗ, ಪಾದದ ಮೇಲಿನ ಹೊರೆಗೆ ಖರ್ಚಾಗುವ ಶಕ್ತಿ ಮುಂಡದ ಮೇಲಿನ ಅಷ್ಟೇ ಹೊರೆಗಿಂತ ನಡಿಗೆಯ ವೇಗಕ್ಕೆ ತಕ್ಕಂತೆ ಸುಮಾರು ನಾಲ್ಕರಿಂದ ಆರು ಪಟ್ಟು ಹೆಚ್ಚು ಬಂತು. ಪ್ರತಿ ಹೆಜ್ಜೆಗೂ ಕಾಲು ಎತ್ತಿ, ಬೀಸಿ, ನಿಲ್ಲಿಸಬೇಕಲ್ಲ, ಅದಕ್ಕೆ. ಸೇನೆಯ ದೈಹಿಕ ಸಾಮರ್ಥ್ಯದ ಬೀಪೆಟ್ ಪರೀಕ್ಷೆಯಲ್ಲಿ ಬೂಟು, ರೈಫಲ್, ಪಿಟ್ಟು (ಬೆನ್ನಿನ ಚೀಲ) ಸಮೇತ 5 ಕಿಲೋಮೀಟರ್ ಓಡುವಾಗ ಇದರ ಅರ್ಥ ಮೈಗೆ ತಿಳಿಯುತ್ತದೆ. ಬೇಕಾದದ್ದಕ್ಕಿಂತ ದೊಡ್ಡ ಬೂಟು, ಅದನ್ನು ತುಂಬಿಸಲು ದಪ್ಪ ಇನ್‌ಸೋಲ್, ಅದರ ಮೇಲೆ ಎರಡು ದಪ್ಪ ಕಾಲುಚೀಲ, ಒದ್ದೆಯಾದರೆ ನೀರಿನ ಭಾರ: ಎಲ್ಲವೂ ಈ ಐದಾರು ಪಟ್ಟಿನ ದರದಲ್ಲೇ ವಸೂಲಾಗುತ್ತವೆ.

ಹೆಜ್ಜೆ 1: ಹೊರೆ ಹೊತ್ತು, ಸಂಜೆ ಹೊತ್ತು ಅಳೆಯಿರಿ

ಕುಳಿತು ಅಳೆದ ಪಾದಕ್ಕೂ ನಿಂತು ಅಳೆದ ಪಾದಕ್ಕೂ ವ್ಯತ್ಯಾಸವಿದೆ. ಬೆನ್ನ ಮೇಲೆ ಭಾರವಿದ್ದರೆ ಇನ್ನಷ್ಟು. ಕಮಾನು ತಗ್ಗಿ ಪಾದ ಉದ್ದವಾಗುತ್ತದೆ, ಮುಂಭಾಗ ಹರಡುತ್ತದೆ. ಇದನ್ನು ಪಟ್ಟಾಗಿ ಹಿಡಿದವನು ಅಮೆರಿಕದ ಸೇನಾ ವೈದ್ಯ ಎಡ್ವರ್ಡ್ ಮನ್ಸನ್. ಅವನ ಮಂಡಳಿ ನಾಲ್ಕು ವರ್ಷ ಸುಮಾರು 2,000 ಸೈನಿಕರ ಪಾದಗಳನ್ನು ಪರೀಕ್ಷಿಸಿ, 1912ರಲ್ಲಿ ಬೆರಳುಗಳಿಗೆ ನೇರವಾಗಿ ಚಾಚಿಕೊಳ್ಳಲು ಜಾಗ ಬಿಟ್ಟ, ಬೂಟು ಹೊಲಿಯುವ ಹೊಸ ಅಚ್ಚೊಂದನ್ನು ಕೊಟ್ಟಿತು. ಜೊತೆಗೆ ಬಂದ ಆದೇಶ ಅಚ್ಚಿಗಿಂತ ಮುಖ್ಯವಾದದ್ದು: ಸೈನಿಕ 40 ಪೌಂಡ್, ಅಂದರೆ ಸುಮಾರು 18 ಕಿಲೋ ಹೊತ್ತು, ಅಳೆಯುತ್ತಿರುವ ಕಾಲಿನ ಮೇಲೆ ಭಾರ ಹಾಕಿ ನಿಂತಾಗಲೇ ಅಳತೆ ತೆಗೆಯಬೇಕು. ನೂರು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಸಿಕ್ಕಿಲ್ಲ.

ಸೆಂಟರಿಗೆ ಹೊರಡುವ ಮೊದಲೇ ಮನೆಯಲ್ಲಿ ಇದನ್ನು ಮಾಡಿಕೊಳ್ಳಿ. ಬೆಳಿಗ್ಗೆ ಬೇಡ, ದಿನವಿಡೀ ಓಡಾಡಿದ ಮೇಲೆ ಪಾದ ತುಸು ಊದಿಕೊಂಡಿರುತ್ತದೆ, ಮಾರ್ಚ್ ಹೊತ್ತಿನ ಪಾದ ಅದೇ.

ಗೋಡೆಗೆ ತಾಗಿಸಿ ನೆಲದ ಮೇಲೊಂದು ಬಿಳಿ ಹಾಳೆ ಇಡಿ. ಶಾಲೆಯ ಬ್ಯಾಗಿಗೆ 15-18 ಕಿಲೋ ಅಕ್ಕಿ ತುಂಬಿ ಬೆನ್ನಿಗೆ ಹಾಕಿಕೊಳ್ಳಿ. ನೀವು ಬೂಟಿನೊಳಗೆ ಹಾಕಲಿರುವಂಥ ಕಾಲುಚೀಲ ಹಾಕಿ, ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ, ಭಾರವೆಲ್ಲ ಆ ಕಾಲಿನ ಮೇಲಿರಲಿ. ಪಾದದ ಸುತ್ತ ಗೆರೆ ಎಳೆಯುವುದು ಇನ್ನೊಬ್ಬರ ಕೆಲಸ. ತಮ್ಮನನ್ನೋ ಅಕ್ಕನನ್ನೋ ಕರೆಯಿರಿ. ನೀವೇ ಬಗ್ಗಿದರೆ ಭಾರ ಸರಿಯುತ್ತದೆ. ಪೆನ್ಸಿಲ್ ನೆಟ್ಟಗಿರಲಿ, ಪಾದದ ಕೆಳಗೆ ಓರೆಯಾಗಿ ನುಗ್ಗಬಾರದು.

ಒಂದೊಂದು ಕಾಲಿಗೂ ಮೂರು ಅಳತೆ ಬರೆದುಕೊಳ್ಳಿ. ಮೊದಲನೆಯದು ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿಗೆ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇರುತ್ತದೆ, ನೋಡಿಕೊಳ್ಳಿ. ಎರಡನೆಯದು ಹೆಬ್ಬೆರಳ ಬುಡದ ಉಬ್ಬಿನಿಂದ ಕಿರುಬೆರಳ ಬುಡದ ಉಬ್ಬಿಗೆ, ಅಂದರೆ ಪಾದದ ಅತಿ ಅಗಲದ ಜಾಗ. ಮೂರನೆಯದು ಗೋಡೆಯಿಂದ ಹೆಬ್ಬೆರಳ ಬುಡದ ಉಬ್ಬಿಗೆ. ಈ ಮೂರನೆಯದನ್ನು ಯಾರೂ ಕೇಳುವುದಿಲ್ಲ, ಯಾಕೆ ಬೇಕು ಎಂಬುದು ಮುಂದಿದೆ. ಎರಡು ಕಾಲಿನ ಅಳತೆ ಒಂದೇ ಬರುವುದು ಅಪರೂಪ; ದೊಡ್ಡ ಕಾಲಿನದನ್ನೇ ಹಿಡಿಯಿರಿ.

ಹೆಜ್ಜೆ 2: ಅಳತೆಯನ್ನು ನಂಬರಿಗೆ ತಿರುಗಿಸುವುದು

ನಮ್ಮಲ್ಲಿ ನಡೆಯುವುದು ಬ್ರಿಟಿಷರ ನಂಬರು. ಒಂದು ನಂಬರಿಗೂ ಮುಂದಿನದಕ್ಕೂ ಉದ್ದದಲ್ಲಿ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿ.ಮೀ. ವ್ಯತ್ಯಾಸ. ಅರ್ಧ ನಂಬರಿಗೆ 4 ಮಿ.ಮೀ.ಗಿಂತ ಚೂರು ಹೆಚ್ಚು. 8ನೇ ನಂಬರಿನ ಅಚ್ಚಿನ ಉದ್ದ 11 ಇಂಚು, ಸುಮಾರು 279 ಮಿ.ಮೀ. ಬೆರಳ ಮುಂದೆ 10ರಿಂದ 15 ಮಿ.ಮೀ. ಖಾಲಿ ಇರಬೇಕಾದ್ದರಿಂದ, ಹೊರೆ ಹೊತ್ತಾಗ 265 ಮಿ.ಮೀ. ಆಸುಪಾಸಿನ ಪಾದಕ್ಕೆ 8 ಒಪ್ಪುತ್ತದೆ. ಒಂದೊಂದು ಕಂಪನಿಯ ಅಚ್ಚು ಒಂದೊಂದು ತರಹ ಇರುವುದರಿಂದ ಇದು ಎಲ್ಲಿಂದ ಶುರುಮಾಡಬೇಕು ಎಂಬುದಕ್ಕಷ್ಟೇ ಉತ್ತರ.

ಈಗ ಅಗಲದ ಲೆಕ್ಕ ನೋಡಿ. ಒಂದು ನಂಬರ್ ಮೇಲೆ ಹೋದರೆ ಪಾದದ ಅಗಲ ಜಾಗದ ಸುತ್ತಳತೆ ಕಾಲು ಇಂಚು ಹೆಚ್ಚುತ್ತದೆ. ಸುತ್ತಳತೆ ಅಷ್ಟು ಹೆಚ್ಚಿದರೆ ನೇರ ಅಗಲ ಹಿಗ್ಗುವುದು ಹೆಚ್ಚೆಂದರೆ 2 ಮಿ.ಮೀ.ನಷ್ಟು. ನಿಮಗೆ 6 ಮಿ.ಮೀ. ಅಗಲ ಬೇಕಿದ್ದು, ಅದನ್ನು ನಂಬರ್ ಏರಿಸಿಯೇ ಪಡೆಯುತ್ತೇನೆ ಎಂದು ಹೊರಟರೆ ಮೂರು ನಂಬರ್ ಏರಬೇಕು. ಉದ್ದ ಒಂದು ಇಂಚು ಹೆಚ್ಚಾಗಿ ಕುಳಿತಿರುತ್ತದೆ. ಅದರಲ್ಲಿ ಪರೇಡ್ ಮಾಡುವುದೆಂತು?

ಉದ್ದದ ಬೂಟಿನ ಇನ್ನೊಂದು ಕೇಡು ಮಡಿಕೆಯಲ್ಲಿದೆ. ಬೂಟಿನ ತಳ ಒಂದೇ ಜಾಗದಲ್ಲಿ ಬಾಗುವ ಹಾಗೆ ಮಾಡಿರುತ್ತಾರೆ. ಪಾದವೂ ಬೆರಳ ಬುಡದ ಗೆರೆಯಲ್ಲಿ ಬಾಗುತ್ತದೆ. ಎರಡೂ ಒಂದೇ ಕಡೆ ಬರಬೇಕು. ಬೂಟು ಉದ್ದವಾದರೆ ಅದರ ಮಡಿಕೆ ಪಾದದ ಮಡಿಕೆಗಿಂತ ಮುಂದೆ ಹೋಗಿ, ಬೆರಳುಗಳ ಮೇಲೆ ಚರ್ಮ ಸುಕ್ಕುಗಟ್ಟಿ ಕಚ್ಚುತ್ತದೆ. ಮೂರನೇ ಅಳತೆ ಇರುವುದು ಇದಕ್ಕೇ. ಒಂದೇ ಉದ್ದದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಬೆರಳು ಉದ್ದ, ಇನ್ನೊಬ್ಬನಿಗೆ ಪಾದದ ನಡುಭಾಗ ಉದ್ದ ಇರಬಹುದು. ಒಂದೇ ನಂಬರ್ ಇಬ್ಬರಿಗೂ ಆಗುವುದಿಲ್ಲ.

ಹೆಜ್ಜೆ 3: ಹಾಕಿ ನೋಡುವ ಕ್ರಮ

ಬೂಟು ಕೈಗೆ ಬಂದ ಕೂಡಲೇ ಕಾಲು ತೂರಿಸಬೇಡಿ. ಒಳಗಿನ ಇನ್‌ಸೋಲ್ ಹೊರಬರುವಂಥದ್ದಾದರೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಪಾದದ ಅಂಚು ಇನ್‌ಸೋಲಿನ ಆಚೆ ಚಾಚಿಕೊಂಡಿದ್ದರೆ ಆ ಬೂಟು ಅಗಲಕ್ಕೆ ಸಾಲದು. ಹಾಕಿ ನೋಡುವ ಶ್ರಮವೂ ಬೇಡ. ಕೌಂಟರಿನಲ್ಲಿ ಹತ್ತು ಸೆಕೆಂಡಿನಲ್ಲಿ ಮುಗಿಯುವ ಪರೀಕ್ಷೆಯಿದು. ಇನ್ನೇನೂ ನೆನಪಿರದಿದ್ದರೂ ಇದೊಂದು ನೆನಪಿರಲಿ.

ಆಮೇಲೆ ಎರಡೂ ಕಾಲಿಗೆ ಹಾಕಿ. ದಾರ ಕಟ್ಟದೆ ಪಾದವನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ತೋರುಬೆರಳು ಇಳಿಯುವಷ್ಟು ಜಾಗ ಇದ್ದರೆ ಉದ್ದ ಸರಿ. ಎರಡು ಬೆರಳು ಸಲೀಸಾಗಿ ಇಳಿದರೆ ಹೆಚ್ಚಾಯಿತು. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ ದಾರ ಬಿಗಿಯಿರಿ. ನಿಂತಲ್ಲೇ ಎಲ್ಲ ಬೆರಳನ್ನೂ ಆಡಿಸಲು ಬರಬೇಕು. ಕಿರುಬೆರಳು ಪಕ್ಕದ ಬೆರಳ ಕೆಳಗೆ ನುಸುಳುತ್ತಿದ್ದರೆ ಅಗಲ ಕಡಿಮೆ. ಬೂಟಿನ ಅಗಲದ ಜಾಗದಲ್ಲಿ ಮೇಲಿನ ಚರ್ಮವನ್ನು ಹೆಬ್ಬೆರಳಿಂದ ಒತ್ತಿ ಸವರಿ: ಜಗ್ಗದೆ ಡೋಲಿನ ಹಾಗೆ ಬಿಗಿದಿದ್ದರೆ ಚಿಕ್ಕದು, ದಪ್ಪ ಮಡಿಕೆ ಎದ್ದರೆ ದೊಡ್ಡದು.

ನಡೆದು ನೋಡಿ. ಹೊಸ ಬೂಟಿನಲ್ಲಿ ಹಿಮ್ಮಡಿ ಅರ್ಧ ಸೆಂಟಿಮೀಟರಿನಷ್ಟು ಎದ್ದರೆ ಚಿಂತೆಯಿಲ್ಲ, ತಳ ಪಳಗಿದ ಮೇಲೆ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾದರೆ ಬೇಡ. ಕೊನೆಯದಾಗಿ ಇಳಿಜಾರು ಅಥವಾ ಮೆಟ್ಟಿಲಿಳಿಯುವ ಪರೀಕ್ಷೆ. ಇಳಿಯುವಾಗ ಬೆರಳ ತುದಿ ಬೂಟಿನ ಮೂತಿಗೆ ಬಡಿಯುತ್ತಿದ್ದರೆ ಕಾರಣ ಎರಡಿರಬಹುದು: ಉದ್ದ ಸಾಲದು, ಇಲ್ಲವೇ ದಾರ ಸಡಿಲ. ದಾರ ಬಿಗಿದು ಮತ್ತೊಮ್ಮೆ ಇಳಿಯಿರಿ. ಆಗಲೂ ಬಡಿದರೆ ಉದ್ದದ್ದೇ ದೋಷ. ಕೊಡಗಿನ ಏರಿಳಿತದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯವರು ಬೆಟ್ಟದ ಪೋಸ್ಟಿಂಗ್ ಬಂದಾಗ ಉಗುರು ಕಪ್ಪಾದ ಮೇಲೆ ಕಲಿಯುತ್ತಾರೆ.

ಹೆಜ್ಜೆ 4: ಸರಿಹೋಗದಿದ್ದರೆ ಬಾಯಿಬಿಟ್ಟು ಹೇಳುವುದು

ಹೊಸ ಹುಡುಗ ಇಲ್ಲಿಯೇ ಸೋಲುತ್ತಾನೆ. ಭಾಷೆ ಬಾರದು, ತರಬೇತಿ ಕೊಡುವ ಉಸ್ತಾದರ ಭಯ ಬೇರೆ. ಮೊದಲ ದಿನವೇ ಹೇಳಿದರೆ ಬದಲಾಯಿಸಿಕೊಡುವುದು ಸುಲಭ. ಹದಿನೈದು ದಿನ ಹಾಕಿ ಮಣ್ಣಾದ ಬೂಟನ್ನು ಯಾರೂ ವಾಪಸ್ ಪಡೆಯುವುದಿಲ್ಲ. ಹಿಂದಿಯಲ್ಲಿ ಇಷ್ಟು ಕಲಿತುಕೊಂಡು ಹೋಗಿ: "ಉಸ್ತಾದ್, ಲಂಬಾಯಿ ಠೀಕ್ ಹೈ, ಆಗೇ ಸೇ ಚೌಡಾಯಿ ಕಮ್ ಹೈ." ಉದ್ದ ಸರಿಯಿದೆ, ಮುಂದೆ ಅಗಲ ಸಾಲದು ಎಂದು. ಬರೀ "ಟೈಟ್ ಹೈ" ಎಂದರೆ ಅವರು ಕೊಡುವುದು ಮುಂದಿನ ನಂಬರನ್ನೇ. ನೀವು ತಪ್ಪಿಸಿಕೊಳ್ಳಬೇಕಾದ ಹೊಂಡಕ್ಕೆ ನೀವೇ ದಾರಿ ತೋರಿಸಿದ ಹಾಗಾಗುತ್ತದೆ.

ಅಗಲದ ಬೂಟು ಸ್ಟೋರಿನಲ್ಲಿ ಇಲ್ಲವೇ ಇಲ್ಲ ಎಂದಾದರೆ? ಅರ್ಧ ನಂಬರ್ ಏರಿಸುವುದು ಒಪ್ಪಬಹುದಾದ ರಾಜಿ. ಒಂದು ನಂಬರ್ ಕೊನೆಯ ಮಿತಿ. ಹಾಗೆ ಏರಿಸಿದಾಗ ಹಿಮ್ಮಡಿ ಜಾರದಂತೆ ದಾರ ಕಟ್ಟುವ ಒಂದು ವಿಧಾನವಿದೆ. ಕಣಕಾಲಿನ ಬಾಗಿನಲ್ಲಿ ದಾರಗಳನ್ನು ಒಂದರ ಸುತ್ತ ಒಂದು ಎರಡು ಸುತ್ತು ಹೊಸೆದು ಎಳೆಯಿರಿ. ಹೊಸೆದ ಜಾಗ ಬಿಗಿಯಾಗಿ ಕೂರುತ್ತದೆ, ಅದರ ಕೆಳಗಿನ ಬಿಗಿ ಮೇಲಕ್ಕೆ, ಮೇಲಿನದು ಕೆಳಕ್ಕೆ ಹೋಗುವುದಿಲ್ಲ. ಈಗ ಬೆರಳ ಬುಡದ ಕಡೆ ದಾರ ಸಡಿಲವಿಟ್ಟು ಕಣಕಾಲಿನ ಕಡೆ ಬಿಗಿ ಮಾಡಬಹುದು. ಅಗಲ ಪಾದದವರು ಕೆಳಗಿನ ಮೊದಲ ಜೋಡಿ ತೂತನ್ನು ಬಿಟ್ಟು ಎರಡನೆಯದರಿಂದ ದಾರ ಹಾಕಿದರೂ ಮುಂಭಾಗಕ್ಕೆ ಉಸಿರಾಡಲು ಜಾಗ ಸಿಗುತ್ತದೆ.

ಹೆಣ್ಣುಮಕ್ಕಳಿಗೆ ಎರಡು ಮಾತು. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಹೆಣ್ಣಿನ ಪಾದ ಗಂಡಸಿನ ಪಾದದ ಸಣ್ಣ ನಕಲಲ್ಲ: ಮುಂಭಾಗಕ್ಕೆ ಹೋಲಿಸಿದರೆ ಹಿಮ್ಮಡಿ ಕಿರಿದು. ಗಂಡಸರ ಅಚ್ಚಿನ 4 ಅಥವಾ 5ನೇ ನಂಬರ್ ಮುಂದೆ ಸರಿಹೋದರೆ ಹಿಂದೆ ಸಡಿಲ. ಮಹಿಳೆಯರ ಅಚ್ಚಿನ ಬೂಟು ಇದೆಯೇ ಎಂದು ಕೇಳುವುದು ಮೊದಲ ಕೆಲಸ. ಇಲ್ಲದಿದ್ದರೆ ಮೇಲೆ ಹೇಳಿದ ದಾರದ ಕಟ್ಟು, ಹಿಮ್ಮಡಿಯ ಎರಡೂ ಪಕ್ಕಕ್ಕೆ ಒಳಗಿನಿಂದ ತೆಳುವಾದ ಸ್ಪಂಜಿನ ಪಟ್ಟಿ.

ಚಪ್ಪಟೆ ಪಾದ, ಇನ್‌ಸೋಲ್ ಮತ್ತು ಅಂಗಡಿ ಮಾತು

ಬರಿಗಾಲಿನಲ್ಲಿ ಬೆಳೆದ ಕಾಲನ್ನು ಬೂಟಿಗೆ ಒಗ್ಗದ ಒರಟು ಕಾಲು ಎಂದು ಹಗುರವಾಗಿ ನೋಡುವವರಿದ್ದಾರೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಮೂಳೆ ವೈದ್ಯರು 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ಸಮೀಕ್ಷೆ ಬೇರೆಯದನ್ನೇ ಹೇಳುತ್ತದೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6ರಷ್ಟು ಚಪ್ಪಟೆ ಪಾದ, ಹಾಕದವರಲ್ಲಿ ಶೇ. 2.8 ಮಾತ್ರ. ಮುಚ್ಚಿದ ಮೂತಿಯ ಶೂ ಹಾಕುವವರಲ್ಲಿ ಅತಿ ಹೆಚ್ಚು. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಚಪ್ಪಟೆ ಪಾದಕ್ಕಾಗಿ ಹುಡುಗರು ವಾಪಸಾಗುವುದನ್ನು ನೋಡಿದವರು, ಚಿಕ್ಕ ಮಕ್ಕಳಿಗೆ ಬಿಗಿ ಶೂ ತೊಡಿಸುವ ಮೊದಲು ಇದನ್ನು ಯೋಚಿಸಬಹುದು.

ಕಮಾನಿನ ಆಕಾರ ನೋಡಿ ಶೂ ಕೊಡುವ ಅಂಗಡಿಗಳ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. 2009-10ರ ಹೊತ್ತಿಗೆ ಅಮೆರಿಕದ ಭೂಸೇನೆ, ವಾಯುಸೇನೆ, ಮೆರೀನ್ ಮೂರೂ ಕಡೆ ಹೊಸ ಸೈನಿಕರಿಗೆ ಕಮಾನಿಗೆ ತಕ್ಕ ಓಟದ ಶೂ ಹಂಚಿ, ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟ ಗುಂಪಿನ ಜೊತೆ ಹೋಲಿಸಿದರು. ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್‌ಸೋಲ್ ಹಾಕಿದಾಗ ಕಾಲಿಗೆ ಹಾಯೆನಿಸಿದರೆ ಹಾಕಿ. ಆದರೆ ಅದು ಬೂಟಿನೊಳಗಿನ ಎತ್ತರವನ್ನು ತಿನ್ನುತ್ತದೆ. ಹೆಜ್ಜೆ 3ರ ಎಲ್ಲ ಪರೀಕ್ಷೆಯನ್ನೂ ಅದರ ಜೊತೆ ಮತ್ತೆ ಮಾಡಬೇಕು.

ಹೆಜ್ಜೆ 5: ಬೂಟನ್ನು ಪಳಗಿಸುವುದು

ಮೊದಲ ಮೂರು ನಾಲ್ಕು ದಿನ ಬ್ಯಾರಕ್ಕಿನ ಒಳಗೆ ಸಂಜೆ ಒಂದೊಂದು ಗಂಟೆ ಹಾಕಿ ಓಡಾಡಿ. ಆಮೇಲೆ ಕಡಿಮೆ ದೂರದ ನಡಿಗೆ, ಎರಡನೇ ವಾರದಲ್ಲಿ ಓಟ. ಉಸ್ತಾದರು ಇಷ್ಟು ಸಮಯ ಕೊಡುತ್ತಾರೆಂಬ ಭರವಸೆ ಇಲ್ಲದ್ದರಿಂದ, ಸಿಕ್ಕ ಬಿಡುವಿನಲ್ಲೇ ಹಾಕಿಕೊಳ್ಳುವುದು ಜಾಣತನ. ಬೂಟು ನೀರಲ್ಲಿ ನೆನೆಸಿ, ಕಾಲಲ್ಲೇ ಒಣಗುವವರೆಗೆ ನಡೆಯಬೇಕು ಎಂಬುದು ಹಳೇ ಸೈನಿಕರ ಮದ್ದು. ಮೊಳೆ ಹೊಡೆದ, ಹೊಲಿದ ತಳದ ಗಟ್ಟಿ ಚರ್ಮಕ್ಕೆ ಅದು ಒಪ್ಪುತ್ತಿತ್ತೇನೋ. ತಳವನ್ನು ನೇರವಾಗಿ ಎರಕ ಹೊಯ್ದು ಅಂಟಿಸಿದ ಇಂದಿನ ಬೂಟಿಗೆ ಬೇಡ. ಬೆಂಕಿಯ ಹತ್ತಿರ, ಹೀಟರಿನ ಮೇಲೆ, ಬಿರುಬಿಸಿಲಲ್ಲಿ ಒಣಗಿಸುವುದೂ ಬೇಡ. ಚರ್ಮ ಕುಗ್ಗಿ ಬಿರಿಯುತ್ತದೆ, ನೀವು ಕಷ್ಟಪಟ್ಟು ಪಡೆದ ಅಗಲ ಹೊರಟುಹೋಗುತ್ತದೆ. ಒದ್ದೆ ಬೂಟಿನೊಳಗೆ ಹಳೆಯ ದಿನಪತ್ರಿಕೆ ತುರುಕಿ, ಗಂಟೆಗೊಮ್ಮೆ ಬದಲಿಸಿ, ನೆರಳಲ್ಲಿಡಿ.

ಲಾಳ ಹೊಡೆದ ಡ್ರಿಲ್ ಬೂಟಿನ ವಿಷಯ ಬೇರೆ. ಕಾಲೆತ್ತಿ ನೆಲಕ್ಕೆ ಕುಟ್ಟುವಾಗ ಪಾದ ಬೂಟಿನೊಳಗೆ ಸ್ವಲ್ಪ ಸರಿದರೂ ಏಟು ಹಿಮ್ಮಡಿಯ ಒಂದೇ ಬಿಂದುವಿಗೆ ಬೀಳುತ್ತದೆ. ಅದರಲ್ಲಿ ಸಡಿಲತೆಗೆ ಒಂದಿಷ್ಟೂ ಜಾಗ ಕೊಡಬೇಡಿ.

ಹೆಜ್ಜೆ 6: ಕಾಲುಚೀಲ ಮತ್ತು ದಿನದ ಆರೈಕೆ

ಬರೀ ಹತ್ತಿಯ ಕಾಲುಚೀಲ ಬೆವರು ಕುಡಿದು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಅಮೆರಿಕದ ಮೆರೀನ್ ತರಬೇತಿಯಲ್ಲಿ ಮಾಡಿದ, 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಳಗೆ ತೆಳುವಾದ ಪಾಲಿಯೆಸ್ಟರ್, ಹೊರಗೆ ಉಣ್ಣೆ ಬೆರೆತ ದಪ್ಪನೆಯದು ಹಾಕಿದವರಿಗೆ ಬೊಬ್ಬೆಯ ಕಾಟ ಕಡಿಮೆಯಾಯಿತು. ಜಾರುವುದು ಎರಡು ಚೀಲಗಳ ನಡುವೆ, ಚರ್ಮದ ಮೇಲಲ್ಲ. ಎರಡು ಹಾಕುವುದಾದರೆ ಬೂಟು ಆರಿಸುವಾಗಲೂ ಎರಡನ್ನೂ ಹಾಕಿ ನೋಡಿರಬೇಕು.

ಬೆವರು ತಡೆಯುವ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ ಹಚ್ಚುವ ಉಪಾಯವೂ ಇದೆ. ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟಿನ ಕೆಡೆಟ್‌ಗಳ ಮೇಲೆ 21 ಕಿಲೋಮೀಟರ್ ನಡಿಗೆಗೆ ಮೊದಲು ಹಚ್ಚಿ ನೋಡಿದಾಗ ಬೊಬ್ಬೆ ಬಂದವರ ಪ್ರಮಾಣ ಶೇ. 48ರಿಂದ 21ಕ್ಕೆ ಇಳಿಯಿತು. ಆದರೆ ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮ ಉರಿಯಿತು. ಡಾಕ್ಟರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.

ಉಳಿದದ್ದು ದಿನಚರಿ. ಉಗುರನ್ನು ವಾರಕ್ಕೊಮ್ಮೆ ನೇರವಾಗಿ ಕತ್ತರಿಸಿ, ಮೂಲೆಯಲ್ಲಿ ಕೊರೆಯಬೇಡಿ. ರಾತ್ರಿ ಕಾಲು ತೊಳೆದು ಬೆರಳ ಸಂದಿಯನ್ನೆಲ್ಲ ಒರೆಸಿ ಒಣಗಿಸಿ. ಗದ್ದೆ ಕೆಲಸದವರಿಗೆ ಗೊತ್ತಿರುವ ಕೆಸರುಹುಣ್ಣು ಬೂಟಿನ ಕತ್ತಲೆಯಲ್ಲೂ ಅಷ್ಟೇ ಚೆನ್ನಾಗಿ ಬೆಳೆಯುತ್ತದೆ. ಎರಡು ಜೊತೆ ಬೂಟಿದ್ದರೆ ದಿನಬಿಟ್ಟು ದಿನ ಹಾಕಿ. ಮಾರ್ಚಿನಲ್ಲಿ ಒಂದೇ ಜಾಗ ಬಿಸಿಯಾಗಿ ಚುರುಗುಟ್ಟಲು ಶುರುವಾದರೆ ಬೊಬ್ಬೆ ಏಳುವ ಸೂಚನೆ ಅದು. ಮುಂದಿನ ಹಾಲ್ಟಿನಲ್ಲೇ ಬೂಟು ಬಿಚ್ಚಿ, ಒರೆಸಿ, ಸುಕ್ಕಿಲ್ಲದಂತೆ ಟೇಪು ಅಂಟಿಸಿ.

ಎದ್ದ ಬೊಬ್ಬೆ ಸಣ್ಣದಾಗಿದ್ದರೆ ಮುಟ್ಟಬೇಡಿ. ದೊಡ್ಡದಾಗಿ ನೋಯುತ್ತಿದ್ದರೆ ಸೋಪು ನೀರಲ್ಲಿ ತೊಳೆದು, ಕ್ರಿಮಿರಹಿತ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಚರ್ಮ ಕೀಳದೆ ಹಾಗೇ ಮುಚ್ಚಿ ಪಟ್ಟಿ ಕಟ್ಟಿ. ಆ ಚರ್ಮಕ್ಕಿಂತ ಒಳ್ಳೆಯ ಬ್ಯಾಂಡೇಜು ಇಲ್ಲ. ಕೀವು, ಮೇಲಕ್ಕೆ ಹರಿಯುವ ಕೆಂಪು ಗೆರೆ, ಜ್ವರ ಕಂಡರೆ ನೇರ ಎಂಐ ರೂಮಿಗೆ, ಅಂದರೆ ಸೇನೆಯ ಚಿಕಿತ್ಸಾ ಕೊಠಡಿಗೆ.

ಎಂಐ ರೂಮಿಗೆ ಹೋಗಲೇಬೇಕಾದ ನೋವು

ಸುಸ್ತಿನ ನೋವು ಇಡೀ ಪಾದಕ್ಕೆ ಹರಡಿರುತ್ತದೆ, ರಾತ್ರಿ ಮಲಗಿ ಎದ್ದರೆ ಇಳಿಯುತ್ತದೆ. ಮೂಳೆಯ ಸೀಳಿನ ನೋವು ಒಂದೇ ಬೆರಳ ತುದಿಯಲ್ಲಿ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿರುತ್ತದೆ. ಒತ್ತಿದರೆ ಜೀವ ಹೋಗುತ್ತದೆ, ಓಡಿದಷ್ಟೂ ಏರುತ್ತದೆ, ದಿನ ಕಳೆದಂತೆ ನಡಿಗೆಯಲ್ಲೂ ಬರುತ್ತದೆ. ಶುರುವಿನ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು; ನೋವು ಮುಂದುವರಿದರೆ ಮತ್ತೆ ತೋರಿಸಬೇಕು. ಹಿಂದುಳಿದು ಬೇರೆ ಬ್ಯಾಚಿಗೆ ಬೀಳುತ್ತೇನೆಂಬ ಹೆದರಿಕೆಯಲ್ಲಿ ನೋವಿನ ಮಾತ್ರೆ ನುಂಗಿ ಓಡುವವರು ಕೂದಲೆಳೆಯ ಸೀಳನ್ನು ಪೂರ್ತಿ ಮುರಿತ ಮಾಡಿಕೊಂಡು ತಿಂಗಳುಗಟ್ಟಲೆ ಮಲಗುತ್ತಾರೆ.

ಚಳಿ, ಕೆಸರು, ಹಿಮ

ಬಿಸಿ ಪ್ರದೇಶದಲ್ಲಿ ಬಿಗಿ ಬೂಟು ಬೊಬ್ಬೆ ಕೊಟ್ಟು ಬಿಟ್ಟೀತು. ಚಳಿಯಲ್ಲಿ ಬೆರಳನ್ನೇ ತೆಗೆದುಕೊಳ್ಳುತ್ತದೆ. 1914-15ರ ಚಳಿಗಾಲದಲ್ಲಿ ಫ್ರಾನ್ಸ್, ಬೆಲ್ಜಿಯಂನ ಕಂದಕಗಳಲ್ಲಿ ದಿನಗಟ್ಟಲೆ ತಣ್ಣೀರಲ್ಲಿ ನಿಂತ ಬ್ರಿಟಿಷ್ ಸೇನೆಯ ಸುಮಾರು 20,000 ಮಂದಿಯ ಪಾದ ಕೊಳೆಯಲಾರಂಭಿಸಿತು. ಮಾರ್ಸೇಲ್ಸ್‌ನಲ್ಲಿ ಇಳಿದು ಅದೇ ಕಂದಕ ಸೇರಿದ ಭಾರತೀಯ ಸಿಪಾಯಿಗಳೂ ಆ ಚಳಿ ಉಂಡವರೇ. ಆಮೇಲೆ ಬಂದ ಕಟ್ಟುನಿಟ್ಟು ಸರಳ: ದಿನವೂ ಪಾದ ತಪಾಸಣೆ, ಒಣ ಕಾಲುಚೀಲ, ಸಡಿಲ ಬೂಟು, ಜೋಡಿ ಸೈನಿಕರು ಒಬ್ಬರ ಪಾದ ಇನ್ನೊಬ್ಬರು ನೋಡುವುದು. 1982ರಲ್ಲಿ ಫಾಕ್‌ಲ್ಯಾಂಡ್ಸ್‌ನಲ್ಲಿ ಬ್ರಿಟಿಷರ ಡಿಎಂಎಸ್ ಬೂಟು ನೀರು ಕುಡಿದು ಅದೇ ಕಾಯಿಲೆ ಮರುಕಳಿಸಿತು. ನಮ್ಮಲ್ಲಿ 1962ರ ಚೀನಾ ಯುದ್ಧದಲ್ಲಿ ಹಿಮಾಲಯದ ನಾಮ್ಕಾ ಚೂ ಕಣಿವೆಗೆ ಹತ್ತಿಯ ಬಟ್ಟೆ, ಕ್ಯಾನ್ವಾಸ್ ಶೂಗಳಲ್ಲಿ ಹೋದವರ ಕತೆ ಎಲ್ಲರಿಗೂ ಗೊತ್ತಿದೆ.

ಹಿಮದ ಬೂಟು ಆರಿಸುವಾಗ ಮೇಲಿನ ಅಳತೆಗೆ ಎರಡು ದಪ್ಪ ಕಾಲುಚೀಲದ ಜಾಗ ಸೇರಿಸಿ, ಬೆರಳುಗಳು ಆಡುತ್ತವೆಯೇ ಎಂದು ನೋಡಿ. ಬಿಗಿ ಬೂಟಿನಲ್ಲಿ ಎರಡನೇ ಕಾಲುಚೀಲ ತುರುಕಿದರೆ ರಕ್ತದ ಓಡಾಟ ನಿಂತು, ಒಂದು ಹಾಕಿದ್ದಕ್ಕಿಂತ ಹೆಚ್ಚು ಚಳಿಯಾಗುತ್ತದೆ. ಬೆಚ್ಚಗಿಡುವುದು ರಕ್ತ ಮತ್ತು ನಡುವಿನ ಗಾಳಿ. ಬೆರಳು ಮರಗಟ್ಟಿ ಬಿಳಿಚಿದರೆ ಹಿಮದಿಂದ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಕೂಡಲೇ ವೈದ್ಯರಿಗೆ ಹೇಳಿ.

ಹೆಜ್ಜೆ 7: ಯಾವಾಗ ಬದಲಿಸಬೇಕು

ಬೂಟನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ, ಹಿಮ್ಮಡಿಯ ಗೋಡೆ ಹೆಬ್ಬೆರಳಿನಿಂದ ಒತ್ತಿದಾಗ ಕುಸಿದರೆ, ತಳದ ಒಂದು ಅಂಚು ಪೂರ್ತಿ ಸವೆದಿದ್ದರೆ, ಪಾಲಿಶ್ ಎಷ್ಟೇ ಹೊಳೆಯುತ್ತಿರಲಿ, ಆ ಬೂಟಿನ ಕೆಲಸ ಮುಗಿದಿದೆ. ಎರಕದ ತಳವನ್ನು ಊರಿನ ಚಮ್ಮಾರ ಬದಲಿಸಿಕೊಡುವುದೂ ಕಷ್ಟ.

ಅಗ್ನಿವೀರ್ ಆಗಿ ಸೇರುವವರ ವಯಸ್ಸು ಹದಿನೇಳೂವರೆಯಿಂದ ಶುರು. ಆ ವಯಸ್ಸಿನ ಕೆಲವರ ಪಾದ ಇನ್ನೂ ಬೆಳೆಯುತ್ತಿರುತ್ತದೆ, ತರಬೇತಿಯಲ್ಲಿ ಮೈತೂಕವೂ ಬದಲಾಗುತ್ತದೆ. ಆರು ತಿಂಗಳಿಗೊಮ್ಮೆ ಪಿಟ್ಟು ಹೊತ್ತು ಮತ್ತೆ ಅಳೆದು, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ನೋಡಿ. ಉದ್ದದಲ್ಲಿ 4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದಿದ್ದರೆ ಅರ್ಧ ನಂಬರ್ ದಾಟಿದೆ ಎಂದರ್ಥ; ಮುಂದಿನ ಬೂಟಿಗೆ ಹೊಸ ಅಳತೆ ಹೇಳಿ. ಉದ್ದ ಅಷ್ಟೇ ಇದ್ದು ಅಗಲ ಮಾತ್ರ ಹೆಚ್ಚಿದ್ದರೆ ಸ್ಟೋರಿನಲ್ಲಿ ಹೆಜ್ಜೆ 4ರ ಹಿಂದಿ ವಾಕ್ಯವನ್ನೇ ಹೇಳಿ.